ಆಲಿಕಲ್ಲು ಬಿದ್ದ ಕಾರು

1984ರ ಜುಲೈ 12, ಗುರುವಾರ ಸಂಜೆ ಮ್ಯೂನಿಕ್ ಮೇಲೆ ಆಲಿಕಲ್ಲು ಸುರೀತು. ನಮ್ಮೂರ ಕಡೆ ಮಕ್ಕಳು ಆರಿಸಿ ಬಾಯಿಗೆ ಹಾಕ್ಕೊಳ್ಳೋ ಆಲಿಕಲ್ಲಲ್ಲ ಮಾರಾಯ್ರೇ, ದೊಡ್ಡವು 9.5 ಸೆಂಟಿಮೀಟರ್ ಇದ್ದವು! ಸುಮಾರು 70,000 ಮನೆ, 2 ಲಕ್ಷ ಕಾರುಗಳಿಗೆ ಪೆಟ್ಟು, 400 ಜನಕ್ಕೆ ಗಾಯ. ನಷ್ಟ 300 ಕೋಟಿ ಮಾರ್ಕ್; ವಿಮೆ ಇದ್ದದ್ದು ಅದರರ್ಧಕ್ಕೆ. ವಿಮಾ ಕಂಪನಿಗಳಿಗೇ ವಿಮೆ ಮಾಡೋ ಮ್ಯೂನಿಕ್ ರೀ ಇರೋದೂ ಇದೇ ಊರಲ್ಲಿ :)

ಇಷ್ಟೆಲ್ಲ ಓದಿದ್ದಕ್ಕೆ ಕಾರಣ ಇದೆ. ಆನ್‌ಸೈಟ್ ಅಂತ ಇಲ್ಲಿಗೆ ಬಂದವನು ಸೆಕೆಂಡ್‌ಹ್ಯಾಂಡ್ ಕಾರು ಹುಡುಕ್ತಿದ್ದೀನಿ. ಅಗ್ಗಕ್ಕೆ ಸಿಕ್ಕಿರೋ ಕಾರಿನ ಟಾಪ್ ತುಂಬ ಆಲಿಕಲ್ಲಿನ ಡೆಂಟು. ಇಲ್ಲಿ ಮಾಲೀಕ ರಿಪೇರಿ ಮಾಡಿಸದೆಯೂ ವಿಮೆ ದುಡ್ಡು ತಗೊಂಡು, ಡೆಂಟಿನ ಸಮೇತ ಕಾರು ಮಾರಬಹುದು. ರಿಯಾಯಿತಿಯ ಗುಟ್ಟು ಅದೇ. ಪೇಂಟ್ ಬಿರಿದಿದ್ದರೆ ತುಕ್ಕಿನ ಭಯ. ಇಲ್ಲದಿದ್ದರೆ ತಗಡನ್ನು ಒಳಗಿಂದ ಸರಳಿನಲ್ಲಿ ಒತ್ತಿ, ಪೇಂಟ್ ಮುಟ್ಟದೆ ಸರಿಮಾಡ್ತಾರೆ.

ಈ ಕಾರಿನ ಪೇಂಟ್ ಗಟ್ಟಿ ಇದೆ. ಅಲ್ಲದೆ ಮುಂದಿನ ಆಲಿಕಲ್ಲು ಹೊಸ ಕಾರು ಅಂತ ಬಿಡುತ್ತಾ? ತಗೊಳ್ತೀನಿ. ಆದರೆ ಹಳೇ ಡೆಂಟಿಗೆ ವಿಮೆಯವರು ಎರಡನೇ ಸಲ ದುಡ್ಡು ಕೊಡಲ್ಲ, ಹಾಗಾಗಿ ಈಗಿರೋದನ್ನೆಲ್ಲ ಮೊದಲೇ ಫೋಟೋ ತೆಗೆದಿಟ್ಕೋಬೇಕು.