ವರದೆಯ ದಡದ ಪುಟ್ಟ ರಾಜನಗರಿ

ನಗರದ ಹಿರಿಮೆಯನ್ನು ಅದರ ವಿಸ್ತಾರದಿಂದ ಅಳೆಯುವುದು ಲೋಕರೂಢಿ. ಆದರೆ ನಮ್ಮ ಹಂಸಭಾವಿಗೆ ಪಶ್ಚಿಮದಲ್ಲಿರುವ ಬನವಾಸಿಯ ಚರಿತ್ರೆಯನ್ನು ಅವಲೋಕಿಸಿದರೆ ಆ ಅಳತೆಗೋಲು ಸಾಲದೆಂಬುದು ನಮಗೆ ಮನವರಿಕೆಯಾಗುತ್ತದೆ. ಇಂದು ಅದು ಶಿರಸಿ ತಾಲ್ಲೂಕಿನ ಒಂದು ಗ್ರಾಮ. ಒಂದು ಕಾಲಕ್ಕೆ ಕನ್ನಡ ನಾಡಿನ ರಾಜಧಾನಿ.

ಈ ನಗರಿಯ ಮೂಲ ಬಹು ಪ್ರಾಚೀನವಾದುದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷು ವನವಾಸ ಪ್ರದೇಶಕ್ಕೆ ಧರ್ಮಪ್ರಸಾರಕ್ಕಾಗಿ ಬಂದನೆಂದು ಸಿಂಹಳದ ಮಹಾವಂಶವು ಹೇಳುತ್ತದೆ. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯೂ ಈ ಊರನ್ನು ಹೆಸರಿಸಿದ್ದಾನೆ. ಸುಮಾರು 345ರಲ್ಲಿ ತಾಳಗುಂದದ ಮಯೂರಶರ್ಮನು ಕದಂಬ ರಾಜ್ಯವನ್ನು ಸ್ಥಾಪಿಸಿದ ಮೇಲೆ ಬನವಾಸಿಯ ಕೀರ್ತಿ ಇಮ್ಮಡಿಸಿತು. ವೇದಾಧ್ಯಯನಕ್ಕೆಂದು ಕಂಚಿಗೆ ಹೋದವನು ಅಲ್ಲಿ ಪಲ್ಲವರ ಸವಾರನಿಂದಾದ ಅವಮಾನವನ್ನು ಸಹಿಸದೆ ಖಡ್ಗ ಹಿಡಿದನೆಂಬ ವೃತ್ತಾಂತವನ್ನು ತಾಳಗುಂದದ ಸ್ತಂಭಶಾಸನವು ತಿಳಿಸುತ್ತದೆ.

ವರದಾ ನದಿಯು ಊರನ್ನು ಬಳಸಿ ಹರಿದು ಅದಕ್ಕೆ ಅನ್ನವನ್ನೂ ರಕ್ಷಣೆಯನ್ನೂ ಒದಗಿಸಿತು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ವರದೆಯ ತೆರೆಗಳ ಮೇಲಿನ ಹಂಸಗಳ ಸಾಲನ್ನು ಬನವಾಸಿಯ ನಡುಪಟ್ಟಿಯಾಗಿ ಕಂಡಿದ್ದಾನೆ. ಹಂಸದ ಹೆಸರು ಹೊತ್ತ ಊರಿನವರಾದ ನಮಗೆ ಇದು ವಿಶೇಷ ಪ್ರಿಯವಾದ ಸಂಗತಿ. ಎರಡನೆಯ ಪುಲಕೇಶಿಯ ಸೈನ್ಯಸಾಗರವು ಮುತ್ತಿದಾಗ ನೆಲದ ಕೋಟೆಯೇ ಜಲದುರ್ಗದಂತೆ ತೋರಿತೆಂದೂ ಅವನು ವರ್ಣಿಸುತ್ತಾನೆ.

ಆದರೆ ನದಿಯಾಗಲಿ ಕೋಟೆಯಾಗಲಿ ರಾಜವಂಶವನ್ನು ಚಿರಕಾಲ ಉಳಿಸಲಿಲ್ಲ. 6ನೆಯ ಶತಮಾನದಲ್ಲಿ ಕದಂಬರ ಪ್ರಭುತ್ವವು ಚಾಲುಕ್ಯರಿಗೆ ಸೋತಿತು. ಉಳಿದುದು ಊರಿನ ಗುಣ. ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯೇ ಇದಕ್ಕೆ ಸಾಕ್ಷಿ. ಕದಂಬರಿಗಿಂತ ಮೊದಲಿನ ಚುಟು ಅರಸರ ಕಾಲದ ಆ ಪ್ರಾಕೃತ ಶಾಸನವು, ರಾಜಕುಮಾರಿಯೊಬ್ಬಳು ನಾಗಪ್ರತಿಮೆ, ಕೆರೆ ಮತ್ತು ವಿಹಾರ ಈ ಮೂರನ್ನೂ ದಾನವಿತ್ತುದನ್ನು ಹೇಳುತ್ತದೆ. ಶಿಲೆಯನ್ನು ಕಡೆದ ನಟಕನೆಂಬ ಶಿಲ್ಪಿಯ ಹೆಸರನ್ನೂ ಮರೆತಿಲ್ಲ. ಶೈವ, ಜೈನ, ಬೌದ್ಧ ಮತಗಳೆಲ್ಲವೂ ಈ ನಾಡಿನಲ್ಲಿ ಆಶ್ರಯ ಪಡೆದವು.

ಅರಸರು ಅಳಿದ ಮೇಲೂ 'ಬನವಾಸಿ ಹನ್ನೆರಡು ಸಾವಿರ' ಎಂಬ ಪ್ರಾಂತದ ಹೆಸರು ಶತಮಾನಗಳ ಕಾಲ ಶಾಸನಗಳಲ್ಲಿ ಉಳಿಯಿತು. 10ನೆಯ ಶತಮಾನದಲ್ಲಿ ಪಂಪನು ತನ್ನ ಕಾವ್ಯದ ಅರ್ಜುನನಿಂದಲೂ ಈ ನಾಡನ್ನು ಸ್ಮರಿಸುವಂತೆ ಮಾಡಿದನು. ಅದೇ ವರದೆಯು ಮುಂದೆ ನಮ್ಮ ಹಾನಗಲ್ಲು ಸೀಮೆಯ ಹೊಲಗಳಿಗೂ ನೀರುಣಿಸಿ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅಧಿಕಾರವು ಕೈಬದಲಾಯಿಸುತ್ತದೆ, ನೀರು, ಅನ್ನ, ಆಶ್ರಯಗಳನ್ನು ಹಂಚಿಕೊಂಡ ಊರಿನ ಹೆಸರು ಮಾತ್ರ ಜನಮನದಲ್ಲಿ ನಿಲ್ಲುತ್ತದೆ. ಚಿಕ್ಕ ಊರುಗಳಲ್ಲಿ ಬಾಳುವ ನಾವೆಲ್ಲರೂ ಬನವಾಸಿಯಿಂದ ಕಲಿಯಬೇಕಾದ ಪಾಠವಿದು.