ಮುಂಡಗೋಡದ ಟಿಬೆಟನ್ ಕಾಲೋನಿ

ಮುಂಡಗೋಡದ ಟಿಬೆಟನ್ ಕಾಲೋನಿ ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿರುವ ಟಿಬೆಟನ್ ನಿರಾಶ್ರಿತರ ವಸಾಹತು. ಇದು 1966ರಲ್ಲಿ ಸ್ಥಾಪನೆಯಾಯಿತು. ಇದರ ಅಧಿಕೃತ ಟಿಬೆಟನ್ ಹೆಸರು ದೋಗುಲಿಂಗ್. ಗಾಂದೆನ್ ಮತ್ತು ಡ್ರೆಪುಂಗ್ ಎಂಬ ಎರಡು ಪ್ರಸಿದ್ಧ ಬೌದ್ಧ ಮಠಗಳು ಭಾರತದಲ್ಲಿ ಪುನಃ ಸ್ಥಾಪನೆಗೊಂಡ ಸ್ಥಳವೂ ಇದೇ. ಇಲ್ಲಿನ ನಿವಾಸಿಗಳಲ್ಲಿ ಹಲವರು ಕರ್ನಾಟಕದಲ್ಲಿಯೇ ಹುಟ್ಟಿ ಬೆಳೆದವರು. ಆದರೂ ಭಾರತೀಯ ಪೌರತ್ವ ಪಡೆಯದವರನ್ನು ಕಾನೂನು ವಿದೇಶಿಯರೆಂದೇ ಪರಿಗಣಿಸುತ್ತದೆ. ಕಾಲೋನಿಯ ಕೃಷಿ, ವ್ಯಾಪಾರ, ಶಿಕ್ಷಣ ಮತ್ತು ಪ್ರಯಾಣಗಳ ಮೇಲೆ ಈ ಸ್ಥಾನಮಾನದ ಪ್ರಭಾವ ಕಂಡುಬರುತ್ತದೆ.

ಭೌಗೋಳಿಕ ಹಿನ್ನೆಲೆ

ಕಾಲೋನಿಯು ಮಲೆನಾಡಿನ ಅಂಚಿನ, ಕುರುಚಲು ಕಾಡು ಮತ್ತು ಬಯಲು ಸೇರುವ ಪ್ರದೇಶದಲ್ಲಿದೆ. ಮುಂಡಗೋಡ ತಾಲೂಕಿಗೆ ಹೊಂದಿಕೊಂಡಂತೆ ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕು ಇದೆ. ದೇವಿಕೊಪ್ಪ ಈ ಕಲಘಟಗಿ ತಾಲೂಕಿನ ಗ್ರಾಮ. ಹತ್ತಿರದ ದೊಡ್ಡ ನಗರ ಹುಬ್ಬಳ್ಳಿ ಸುಮಾರು 45 ಕಿ.ಮೀ. ದೂರದಲ್ಲಿದ್ದು, ತಡಸದ ಮೂಲಕ ರಸ್ತೆ ಸಂಪರ್ಕವಿದೆ. ರೈಲು, ವಿಮಾನ, ದೊಡ್ಡ ಆಸ್ಪತ್ರೆ ಮತ್ತು ಸಗಟು ಮಾರುಕಟ್ಟೆಗಳಿಗೆ ಕಾಲೋನಿಯ ಜನರು ಹುಬ್ಬಳ್ಳಿಯನ್ನೇ ಅವಲಂಬಿಸಿದ್ದಾರೆ.

ಇತಿಹಾಸ

1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ಚೀನೀ ಆಡಳಿತದ ವಿರುದ್ಧ ದಂಗೆ ನಡೆಯಿತು. ಅದರ ಬಳಿಕ 14ನೆಯ ದಲೈ ಲಾಮಾ ಭಾರತದಲ್ಲಿ ಆಶ್ರಯ ಪಡೆದರು. ಅವರನ್ನು ಹಿಂಬಾಲಿಸಿ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಇವರ ಪುನರ್ವಸತಿಗೆ ಭೂಮಿ ಒದಗಿಸಿದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಪ್ರಮುಖವಾದುದು. ಮೊದಲ ವಸಾಹತು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಆರಂಭವಾಯಿತು. 1966ರಲ್ಲಿ ಮುಂಡಗೋಡದ ವಸಾಹತು ಸ್ಥಾಪನೆಯಾದಾಗ ಎಸ್. ನಿಜಲಿಂಗಪ್ಪ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಟಿಬೆಟನ್ ಸಮುದಾಯವು ಅವರನ್ನು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತದೆ. ಮುಂದೆ ಹುಣಸೂರು ಮತ್ತು ಕೊಳ್ಳೇಗಾಲ ತಾಲೂಕುಗಳಲ್ಲಿಯೂ ಇಂತಹ ವಸಾಹತುಗಳು ಸ್ಥಾಪನೆಯಾದವು.

ಮುಂಡಗೋಡದಲ್ಲಿ ಸುಮಾರು 4,000 ಎಕರೆ ಭೂಮಿಯನ್ನು ವಸಾಹತಿಗೆ ಗೊತ್ತುಪಡಿಸಲಾಯಿತು. ಅದರ ಬಹುಭಾಗ ಕಾಡಾಗಿತ್ತು. ಮೊದಲ ತಲೆಮಾರಿನವರು ಮರ ಕಡಿದು, ಬೇರು ಕಿತ್ತು, ನೆಲ ಹದಗೊಳಿಸಿ ಹೊಲಗಳನ್ನು ಮಾಡಿಕೊಂಡರು. ಎತ್ತರದ ಶೀತ ಪ್ರಸ್ಥಭೂಮಿಯಲ್ಲಿ ಯಾಕ್ ಮತ್ತು ಕುರಿ ಸಾಕಿ, ಬಾರ್ಲಿ ಬೆಳೆದು ಬದುಕಿದ್ದವರಿಗೆ ಇಲ್ಲಿನ ಬೇಸಿಗೆ, ಮುಂಗಾರು ಮಳೆ ಮತ್ತು ಬೆಳೆಗಳು ಹೊಸತಾಗಿದ್ದವು.

ಭಿಕ್ಷುಗಳ ಆಗಮನ ಸ್ವಲ್ಪ ತಡವಾಗಿ ನಡೆಯಿತು. ಟಿಬೆಟ್‌ನಿಂದ ಬಂದ ಭಿಕ್ಷುಗಳಲ್ಲಿ ಅನೇಕರು ಪಶ್ಚಿಮ ಬಂಗಾಳದ ಬಕ್ಸಾ ದ್ವಾರ್‌ನ ಹಳೆಯ ಸೆರೆಮನೆ ಆವರಣದಲ್ಲಿ ಸುಮಾರು ಒಂದು ದಶಕ ಕಳೆದರು. 1969ರ ಸುಮಾರಿಗೆ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳ ಭಿಕ್ಷುಗಳು ಮುಂಡಗೋಡಕ್ಕೂ, ಸೆರಾ ಮಠದ ಭಿಕ್ಷುಗಳು ಬೈಲಕುಪ್ಪೆಗೂ ಬಂದು ನೆಲೆಸಿದರು. ಆರಂಭದ ವರ್ಷಗಳಲ್ಲಿ ಭಿಕ್ಷುಗಳೂ ಅಧ್ಯಯನದ ಜೊತೆಗೆ ಹೊಲದ ಕೆಲಸ ಮಾಡಿದರು.

ವಸತಿ ಮತ್ತು ಆಡಳಿತ

ಕಾಲೋನಿಯ ಊರುಗಳನ್ನು ‘ಕ್ಯಾಂಪ್’ ಎಂದು ಕರೆಯಲಾಗುತ್ತದೆ. ಇವುಗಳನ್ನು ಹೆಸರಿಗಿಂತ ಹೆಚ್ಚಾಗಿ ಸಂಖ್ಯೆಯಿಂದ ಗುರುತಿಸುತ್ತಾರೆ. ಭಿಕ್ಷುಗಳ ವಸತಿ ಪ್ರದೇಶಗಳು ‘ಲಾಮಾ ಕ್ಯಾಂಪ್’ ಎನಿಸಿಕೊಂಡಿವೆ. ಗಾಂದೆನ್ ಮಠವು ಒಂದನೆಯ ಲಾಮಾ ಕ್ಯಾಂಪ್‌ನಲ್ಲಿಯೂ, ಡ್ರೆಪುಂಗ್ ಮಠವು ಎರಡನೆಯ ಲಾಮಾ ಕ್ಯಾಂಪ್‌ನಲ್ಲಿಯೂ ಇವೆ.

ಆಂತರಿಕ ವ್ಯವಹಾರಗಳನ್ನು ಧರ್ಮಶಾಲಾದಲ್ಲಿರುವ ಕೇಂದ್ರೀಯ ಟಿಬೆಟನ್ ಆಡಳಿತವು ನೇಮಿಸುವ ವಸಾಹತು ಅಧಿಕಾರಿಯು ನೋಡಿಕೊಳ್ಳುತ್ತಾರೆ. ಪ್ರತಿ ಕ್ಯಾಂಪ್‌ಗೆ ಒಬ್ಬ ಮುಖಂಡರಿರುತ್ತಾರೆ. ನಿವಾಸಿಗಳು ವಾರ್ಷಿಕ ವಂತಿಗೆ ಸಲ್ಲಿಸಿ ‘ಹಸಿರು ಪುಸ್ತಕ’ ಹೊಂದಿರುತ್ತಾರೆ ಮತ್ತು ದೇಶಭ್ರಷ್ಟ ಟಿಬೆಟನ್ ಸಂಸತ್ತಿನ ಚುನಾವಣೆಯಲ್ಲಿ ಮತ ಚಲಾಯಿಸುತ್ತಾರೆ. ಕಾನೂನು ಸುವ್ಯವಸ್ಥೆ, ಕಂದಾಯ ಮತ್ತು ನ್ಯಾಯ ವ್ಯವಸ್ಥೆಗಳು ಕರ್ನಾಟಕ ಸರ್ಕಾರ ಮತ್ತು ಭಾರತದ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿವೆ.

ಕಾನೂನು ಸ್ಥಾನಮಾನ

ಭಾರತವು ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಸಹಿ ಹಾಕಿಲ್ಲ. ದೇಶದಲ್ಲಿ ನಿರಾಶ್ರಿತರಿಗಾಗಿಯೇ ಪ್ರತ್ಯೇಕ ಕಾಯ್ದೆಯೂ ಇಲ್ಲ. ಆದ್ದರಿಂದ ಟಿಬೆಟನ್ನರಿಗೆ ದೀರ್ಘಕಾಲ 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆಗಳು ಅನ್ವಯಿಸಿದವು. 2025ರಲ್ಲಿ ಇವುಗಳ ಬದಲಿಗೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿತು.

ದಿನನಿತ್ಯದ ಜೀವನದಲ್ಲಿ ಮುಖ್ಯವಾಗಿ ಬಳಕೆಯಾಗುವ ದಾಖಲೆಗಳು ಎರಡು:

- ನೋಂದಣಿ ಪ್ರಮಾಣಪತ್ರ: ಜನರ ಮಾತಿನಲ್ಲಿ ಇದು ‘ಆರ್‌ಸಿ’. ಭಾರತದಲ್ಲಿ ವಾಸಿಸಲು ಇದು ಆಧಾರ. ಇದನ್ನು ನಿಗದಿತ ಅವಧಿಗೊಮ್ಮೆ ನವೀಕರಿಸಬೇಕು.
- ಗುರುತಿನ ಪ್ರಮಾಣಪತ್ರ: ಇದು ‘ಐಸಿ’ ಅಥವಾ, ಹೊದಿಕೆಯ ಬಣ್ಣದಿಂದಾಗಿ, ‘ಹಳದಿ ಪುಸ್ತಕ’ ಎಂದು ಪರಿಚಿತ. ಪಾಸ್‌ಪೋರ್ಟ್‌ಗೆ ಬದಲಾಗಿ ವಿದೇಶ ಪ್ರಯಾಣಕ್ಕೆ ಬಳಸುವ ಈ ಪುಸ್ತಕವನ್ನು ಭಾರತ ಸರ್ಕಾರ ನೀಡುತ್ತದೆ.

ಪೌರತ್ವವಿಲ್ಲದವರು ಭಾರತದ ಚುನಾವಣೆಗಳಲ್ಲಿ ಮತ ಹಾಕುವಂತಿಲ್ಲ. ಸರ್ಕಾರಿ ಹುದ್ದೆಗಳು ಸಾಮಾನ್ಯವಾಗಿ ಅವರಿಗೆ ದೊರೆಯುವುದಿಲ್ಲ. ವಸಾಹತಿನ ಹೊಲ ಮತ್ತು ನಿವೇಶನಗಳ ಮೇಲೆ ಕುಟುಂಬಗಳಿಗೆ ಬಳಕೆಯ ಹಕ್ಕು ಇದೆಯೇ ಹೊರತು ಮಾಲೀಕತ್ವವಿಲ್ಲ. ಕೇಂದ್ರ ಸರ್ಕಾರವು 2014ರಲ್ಲಿ ಪ್ರಕಟಿಸಿದ ಟಿಬೆಟನ್ ಪುನರ್ವಸತಿ ನೀತಿಯು ಭೂಮಿಯ ಗುತ್ತಿಗೆ ಪತ್ರ ಮತ್ತು ಕಲ್ಯಾಣ ಯೋಜನೆಗಳ ಸೌಲಭ್ಯ ಕುರಿತು ರಾಜ್ಯಗಳಿಗೆ ಮಾರ್ಗಸೂಚಿ ನೀಡಿತು.

ಕಾಲೋನಿಯು ಸಂರಕ್ಷಿತ ಪ್ರದೇಶದ ನಿಯಮಗಳಿಗೆ ಒಳಪಟ್ಟಿದೆ. ಇಲ್ಲಿ ತಂಗಲು ಬಯಸುವ ವಿದೇಶಿ ಪ್ರಜೆಗಳು ಮುಂಚಿತವಾಗಿ ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು. ಅಮೆರಿಕ ಅಥವಾ ಯುರೋಪಿನ ಪೌರತ್ವ ಪಡೆದ ಟಿಬೆಟನ್ನರಿಗೂ, ತಮ್ಮ ಹೆತ್ತವರ ಮನೆಯಲ್ಲಿ ಉಳಿಯುವುದಕ್ಕೆ ಇದೇ ನಿಯಮ ಅನ್ವಯಿಸುತ್ತದೆ.

ಪೌರತ್ವದ ಪ್ರಶ್ನೆ

1955ರ ಪೌರತ್ವ ಕಾಯ್ದೆಯ 3ನೆಯ ಕಲಂ ಪ್ರಕಾರ, 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನ ಅವಧಿಯಲ್ಲಿ ಭಾರತದಲ್ಲಿ ಜನಿಸಿದವರು, ಹೆತ್ತವರ ರಾಷ್ಟ್ರೀಯತೆ ಯಾವುದೇ ಇದ್ದರೂ, ಜನ್ಮತಃ ಭಾರತೀಯ ಪ್ರಜೆಗಳು. ನಂತರ ಜನಿಸಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಹೀಗಾಗಿ ಒಂದೇ ಮನೆಯಲ್ಲಿ ಟಿಬೆಟ್‌ನಲ್ಲಿ ಜನಿಸಿದ ಅಜ್ಜಿ ವಿದೇಶಿಯಾಗಿ, 1980ರಲ್ಲಿ ಇಲ್ಲಿಯೇ ಜನಿಸಿದ ಮಗ ಪೌರತ್ವಕ್ಕೆ ಅರ್ಹನಾಗಿ ಇರುವುದು ಸಾಧ್ಯ.

ಈ ಕಲಂ ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂಬುದನ್ನು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿಯೂ, ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿಯೂ ಎತ್ತಿಹಿಡಿದವು. 2014ರಲ್ಲಿ ಚುನಾವಣಾ ಆಯೋಗವು ಅರ್ಹ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳುವಂತೆ ಸೂಚಿಸಿತು. ದೆಹಲಿ ಉಚ್ಚ ನ್ಯಾಯಾಲಯದ 2016ರ ತೀರ್ಪಿನ ನಂತರ, 2017ರಲ್ಲಿ ವಿದೇಶಾಂಗ ಸಚಿವಾಲಯವು ಇಂತಹವರಿಗೆ ಪಾಸ್‌ಪೋರ್ಟ್ ನೀಡಲು ನಿರ್ದೇಶಿಸಿತು. ಆದರೆ ನೋಂದಣಿ ಪ್ರಮಾಣಪತ್ರವನ್ನು ಹಿಂದಿರುಗಿಸುವುದು ಮತ್ತು ವಸಾಹತಿನ ವಾಸ ಹಾಗೂ ಸೌಲಭ್ಯಗಳನ್ನು ಬಿಡುವುದು ಮುಂತಾದ ಷರತ್ತುಗಳು ಎದುರಾದವು. ಇದರಿಂದ ಪಾಸ್‌ಪೋರ್ಟ್ ಬಯಸುವವರು ಹುಟ್ಟಿದ ಮನೆಯಲ್ಲಿ ವಾಸಿಸುವ ಅವಕಾಶವನ್ನು ಕಳೆದುಕೊಳ್ಳುವ ಸಾಧ್ಯತೆ ಉಂಟಾಯಿತು. ಪೌರತ್ವ ಪಡೆದರೆ ಟಿಬೆಟ್‌ಗೆ ಮರಳುವ ಆಶಯ ದುರ್ಬಲವಾಗುತ್ತದೆ ಎಂಬ ಅಭಿಪ್ರಾಯವೂ ಸಮುದಾಯದಲ್ಲಿದೆ. ಈ ಕಾರಣಗಳಿಂದ ಅರ್ಹತೆ ಇದ್ದರೂ ಪೌರತ್ವ ಕೋರದವರು ಅನೇಕರಿದ್ದಾರೆ.

ಜೀವನೋಪಾಯ

ಮೆಕ್ಕೆಜೋಳ ಮತ್ತು ಭತ್ತ ಮುಖ್ಯ ಬೆಳೆಗಳು. ಕೃಷಿ ಬಹುಮಟ್ಟಿಗೆ ಮಳೆಯನ್ನು ಅವಲಂಬಿಸಿದೆ. ಸುತ್ತಲಿನ ಹಳ್ಳಿಗಳ ಕನ್ನಡಿಗ ಕಾರ್ಮಿಕರು ಈ ಹೊಲಗಳಲ್ಲಿಯೂ, ಮಠಗಳ ಕಟ್ಟಡ ಕಾಮಗಾರಿಗಳಲ್ಲಿಯೂ ದುಡಿಯುತ್ತಾರೆ. ಯುವಕರು ಹೊರಗೆ ಹೋದ ಮನೆಗಳಲ್ಲಿ ಹೊಲವನ್ನು ಸ್ಥಳೀಯ ರೈತರಿಗೆ ಸಾಗುವಳಿಗೆ ಕೊಡುವ ರೂಢಿಯೂ ಇದೆ.

ಚಳಿಗಾಲದ ಸ್ವೆಟರ್ ವ್ಯಾಪಾರ ಮತ್ತೊಂದು ಪ್ರಮುಖ ಆದಾಯ. ಸುಗ್ಗಿಯ ಹೊತ್ತಿಗೆ ಅನೇಕ ಕುಟುಂಬಗಳು ಲುಧಿಯಾನಾದಿಂದ ಸಗಟಾಗಿ ತರಿಸಿದ ಉಣ್ಣೆ ಉಡುಪುಗಳೊಂದಿಗೆ ದೇಶದ ವಿವಿಧ ನಗರಗಳಿಗೆ ತೆರಳಿ, ರಸ್ತೆ ಬದಿಯ ತಾತ್ಕಾಲಿಕ ಮಳಿಗೆಗಳಲ್ಲಿ ಮಾರುತ್ತವೆ. ಆ ತಿಂಗಳುಗಳಲ್ಲಿ ಕ್ಯಾಂಪ್‌ಗಳಲ್ಲಿ ವೃದ್ಧರು ಮತ್ತು ಮಕ್ಕಳೇ ಹೆಚ್ಚಾಗಿ ಉಳಿಯುತ್ತಾರೆ.

ಭಾಷೆ, ಶಿಕ್ಷಣ ಮತ್ತು ಆಹಾರ

ಮನೆಮಾತು ಟಿಬೆಟನ್. ಮಾರುಕಟ್ಟೆ ಮತ್ತು ಕಚೇರಿಗಳಲ್ಲಿ ಕನ್ನಡ ಹಾಗೂ ಹಿಂದಿ ಬಳಕೆಯಲ್ಲಿವೆ. ಕೂಲಿಯಾಳು, ಆಟೊ ಚಾಲಕ ಮತ್ತು ಕಿರಾಣಿ ಅಂಗಡಿಯವರೊಡನೆ ವ್ಯವಹರಿಸುವ ಟಿಬೆಟನ್ನರ ಕನ್ನಡದಲ್ಲಿ ಉತ್ತರ ಕರ್ನಾಟಕದ ಆಡುಮಾತಿನ ಛಾಯೆ ಇದೆ. ಟಿಬೆಟನ್ ಶಾಲೆಗಳು ಕೇಂದ್ರೀಯ ಪಠ್ಯಕ್ರಮದ ಜೊತೆಗೆ ಟಿಬೆಟನ್ ಭಾಷೆಯನ್ನು ಕಲಿಸುತ್ತವೆ. ಮಠಗಳಲ್ಲಿ ಬೌದ್ಧ ತತ್ತ್ವಶಾಸ್ತ್ರದ ಅಧ್ಯಯನ ಹಲವು ವರ್ಷ ನಡೆದು ‘ಗೆಶೆ’ ಪದವಿಯಲ್ಲಿ ಕೊನೆಗೊಳ್ಳುತ್ತದೆ. ಚಪ್ಪಾಳೆ ತಟ್ಟಿ ಪ್ರಶ್ನೆ ಕೇಳುವ ವಾದ ಪದ್ಧತಿ ಈ ಅಧ್ಯಯನದ ವಿಶೇಷ.

ಆಹಾರದಲ್ಲಿ ಮೊಮೊ, ಥುಕ್ಪಾ ಮತ್ತು ಹಬೆಯಲ್ಲಿ ಬೇಯಿಸಿದ ಟಿಂಗ್ಮೊ ಸಾಮಾನ್ಯ. ಹುರಿದ ಬಾರ್ಲಿ ಹಿಟ್ಟಾದ ತ್ಸಾಂಪಾ, ಬೆಣ್ಣೆ ಮತ್ತು ಉಪ್ಪು ಬೆರೆಸಿದ ಚಹಾ ಹಿರಿಯರಿಗೆ ಪ್ರಿಯ. ಅನ್ನ, ಬೇಳೆಸಾರು ಮತ್ತು ಹಾಲು ಸಕ್ಕರೆಯ ಚಹಾ ಕೂಡ ನಿತ್ಯದ ಊಟ ಉಪಾಹಾರದಲ್ಲಿ ಸೇರಿವೆ.

ಹಬ್ಬಗಳು ಮತ್ತು ಆಚರಣೆಗಳು

ಟಿಬೆಟನ್ ಹೊಸ ವರ್ಷವಾದ ಲೋಸರ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಸ್ವೆಟರ್ ವ್ಯಾಪಾರಕ್ಕೆ ಹೋದವರು ಆ ವೇಳೆಗೆ ಮನೆಗೆ ಮರಳುತ್ತಾರೆ. ಮಾರ್ಚ್ 10ರಂದು 1959ರ ದಂಗೆಯ ಸ್ಮರಣೆ ಮತ್ತು ಜುಲೈ 6ರಂದು ದಲೈ ಲಾಮಾ ಅವರ ಜನ್ಮದಿನದ ಆಚರಣೆ ನಡೆಯುತ್ತವೆ. ದಲೈ ಲಾಮಾ ಅವರು ಹಲವು ಬಾರಿ ಇಲ್ಲಿಗೆ ಭೇಟಿ ನೀಡಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಗಾಂದೆನ್ ಮಠದ ಸಂಸ್ಥಾಪಕ ತ್ಸೊಂಖಾಪಾ ಅವರ ನಿರ್ವಾಣದ 600ನೆಯ ವರ್ಷದ ಸಮಾರಂಭದಲ್ಲಿ ಅವರು ಭಾಗವಹಿಸಿದರು.

ವಲಸೆ ಮತ್ತು ಭವಿಷ್ಯ

ಶಿಕ್ಷಣ ಪಡೆದ ಯುವಜನರು ಬೆಂಗಳೂರು ಮೊದಲಾದ ನಗರಗಳಿಗೂ, ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳಿಗೂ ತೆರಳುತ್ತಿದ್ದಾರೆ. 2008ರ ನಂತರ ಚೀನಾ ಗಡಿ ನಿಯಂತ್ರಣವನ್ನು ಬಿಗಿಗೊಳಿಸಿದ್ದರಿಂದ ಟಿಬೆಟ್‌ನಿಂದ ಹೊಸದಾಗಿ ಬರುವವರ ಸಂಖ್ಯೆ ತೀರಾ ಕಡಿಮೆಯಾಗಿದೆ. ಇದರ ಪರಿಣಾಮವಾಗಿ ಹೊಲ ನೋಡಿಕೊಳ್ಳುವವರ ಮತ್ತು ಶಾಲೆಗೆ ಸೇರುವ ಮಕ್ಕಳ ಕೊರತೆ ಎದುರಾಗಿದೆ. ಮಠಗಳಲ್ಲಿ ಲಡಾಖ್, ಅರುಣಾಚಲ ಪ್ರದೇಶ ಮುಂತಾದ ಭಾರತದ ಹಿಮಾಲಯ ಪ್ರದೇಶಗಳಿಂದ ಹಾಗೂ ನೇಪಾಳದಿಂದ ಬಂದ ವಿದ್ಯಾರ್ಥಿಗಳೂ ಅಧ್ಯಯನ ಮಾಡುತ್ತಿದ್ದಾರೆ.

ಇವನ್ನೂ ನೋಡಿ

- ಮುಂಡಗೋಡ
- ಬೈಲಕುಪ್ಪೆ
- ಡ್ರೆಪುಂಗ್ ಮಠ
- ಭಾರತದ ಪೌರತ್ವ ಕಾಯ್ದೆ, 1955