ಬಾಡಿಗೆಯ ಟ್ರಾಕ್ಟರು: ದರ ಮತ್ತು ಹೊಣೆ

ಬೆಂಗಳೂರಿನಿಂದ ಬನ್ನೇರುಘಟ್ಟಕ್ಕೆ ಹೋಗುವ ರಸ್ತೆಯಲ್ಲಿರುವ ಗೊಟ್ಟಿಗೆರೆಯು ಕೆರೆಯನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿರುವ ಗ್ರಾಮ. 2007ರಲ್ಲಿ ಬೆಂಗಳೂರು ಮಹಾನಗರಕ್ಕೆ ಸೇರಿದ ನೂರಹತ್ತು ಹಳ್ಳಿಗಳ ಪೈಕಿ ಇದೂ ಒಂದು. ಇಂತಹ ಹಳ್ಳಿಗಳಲ್ಲಿ ರಾಗಿಯ ಹೊಲಗಳು ನಿವೇಶನಗಳಾದರೂ ಟ್ರಾಕ್ಟರು ಮಾತ್ರ ಮರೆಯಾಗಲಿಲ್ಲ. ಅದರ ಕೆಲಸ ಬದಲಾಯಿತು. ಉಳುಮೆಯ ಬದಲು ನೆಲ ಸಮಮಾಡುವುದು, ಮಣ್ಣು ಸಾಗಿಸುವುದು, ನೀರಿನ ತೊಟ್ಟಿಯನ್ನು ಎಳೆಯುವುದು ಮುಂತಾದ ಬಿಡಿಗೆಲಸಗಳು ಬಂದುವು. ಇವೆಲ್ಲವೂ ಬಹುಮಟ್ಟಿಗೆ ಬಾಯಿಮಾತಿನ ಕರಾರುಗಳು. ಇವುಗಳಲ್ಲಿ ದರವು ಮೊದಲೇ ಗೊತ್ತಾಗುತ್ತದೆ. ಹೊಣೆ ಯಾರದೆಂಬುದು ಅವಘಡವಾದ ಮೇಲೆಯೇ ತಿಳಿಯುತ್ತದೆ. ಈ ವ್ಯತ್ಯಾಸ ಹೇಗೆ ಉಂಟಾಯಿತೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಟ್ರಾಕ್ಟರಿಗೆ ಮುಂಚೆ ನಮ್ಮ ಗ್ರಾಮಗಳಲ್ಲಿ ಪರರ ದುಡಿಮೆಯನ್ನು ಪಡೆಯಲು ಎರಡು ಮುಖ್ಯ ಮಾರ್ಗಗಳಿದ್ದುವು. ಒಂದು ಮುಯ್ಯಿ: ಇಂದು ನನ್ನ ಹೊಲದಲ್ಲಿ ನೀನು, ನಾಳೆ ನಿನ್ನ ಹೊಲದಲ್ಲಿ ನಾನು. ಇನ್ನೊಂದು ಆಯ: ಬಡಗಿ, ಕಮ್ಮಾರ ಮೊದಲಾದವರು ವರ್ಷವೆಲ್ಲ ಮಾಡಿದ ಕೆಲಸಕ್ಕೆ ಕಣದಲ್ಲಿ ಪಡೆಯುತ್ತಿದ್ದ ಧಾನ್ಯದ ಪಾಲು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಕಣದ ರಾಶಿಯು ಹೀಗೆ ಹಂಚಿಹೋಗುತ್ತಿದ್ದ ಬಗೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಈ ವ್ಯವಸ್ಥೆಯಲ್ಲಿ ಮೇಲುಕೀಳುಗಳೂ ಕಟ್ಟುಪಾಡುಗಳೂ ಇದ್ದುವೆಂಬುದನ್ನು ಮರೆಯಲಾಗದು. ಆದರೆ ಬಿಡಿಗೆಲಸಕ್ಕೆ ಬಿಡಿದರವೆಂಬುದು ಅಲ್ಲಿರಲಿಲ್ಲ. ನೇಗಿಲು ಮುರಿದರೆ ಅದನ್ನು ಮಾಡಿದ ಬಡಗಿಯೇ ಮತ್ತೆ ಸರಿಪಡಿಸುತ್ತಿದ್ದನು.

ಭಾರತದಲ್ಲಿ ಟ್ರಾಕ್ಟರಿನ ತಯಾರಿಕೆ 1959ರಲ್ಲಿ ಫರೀದಾಬಾದಿನಲ್ಲಿ ಮೊದಲಾಯಿತು. ಸಾಲದಿಂದ ಕೊಂಡ ಯಂತ್ರವು ಸ್ವಂತ ಹೊಲವೊಂದರಿಂದಲೇ ತನ್ನ ಬೆಲೆಯನ್ನು ತೀರಿಸಲಾರದು. ಆದುದರಿಂದ ಅದು ಪರರ ಹೊಲಕ್ಕೆ ಹೋಗಲೇಬೇಕು. ಹೀಗೆ ಎಕರೆಗೆ, ಗಂಟೆಗೆ, ಲೋಡಿಗೆ ಎಂಬ ಮೂರು ಬಗೆಯ ದರಗಳು ಬಳಕೆಗೆ ಬಂದುವು. ಎಕರೆಯ ದರದಲ್ಲಿ ನೆಲ ಗಟ್ಟಿಯಾಗಿದ್ದರೆ ಹೆಚ್ಚಿನ ಡೀಸೆಲಿನ ನಷ್ಟ ಮಾಲೀಕನದು. ಗಂಟೆಯ ದರದಲ್ಲಿ ಅದೇ ನಷ್ಟ ಹೊಲದವನದು. ಲೋಡಿನ ದರದಲ್ಲಿ ಕಾಯುವ ಹೊತ್ತೆಲ್ಲವೂ ಮತ್ತೆ ಮಾಲೀಕನ ಪಾಲಿಗೆ. ಹತ್ತು ಗುಂಟೆಯ ತುಂಡಿಗಾದರೂ ಮನೆಯಿಂದ ಬಂದುಹೋಗುವ ಖರ್ಚು ತಪ್ಪದು, ಬದುವಿನ ಬಳಿ ತಿರುಗಿಸುವ ಕಾಲವೂ ಹೆಚ್ಚು. ಗುಂಟೆಯ ಲೆಕ್ಕದಲ್ಲಿ ಸಣ್ಣ ಕೆಲಸ ದುಬಾರಿಯಾಗುವುದು ಇದರಿಂದಲೇ ಹೊರತು ಕೇವಲ ಮಾಲೀಕನ ಲೋಭದಿಂದಲ್ಲ.

ಇನ್ನು ಹೊಣೆಯ ವಿಚಾರ. ಚಾಲಕನಿಲ್ಲದೆ ಯಂತ್ರವನ್ನು ಮಾತ್ರ ಬಾಡಿಗೆಗೆ ಕೊಟ್ಟರೆ, 1872ರ ಕರಾರು ಅಧಿನಿಯಮದ 150ನೆಯ ಪ್ರಕರಣದಂತೆ, ಅದರ ದೋಷದಿಂದಾದ ಹಾನಿಗೆ ಕೊಟ್ಟವನು ಹೊಣೆ. ಆ ದೋಷ ಅವನಿಗೆ ತಿಳಿದಿರಲಿಲ್ಲವೆಂಬುದು ಸಮಾಧಾನವಾಗದು. ಚಾಲಕನೊಡನೆ ಕೊಟ್ಟರೆ ಪ್ರಶ್ನೆ ಬೇರೆ. ಇಂಗ್ಲೆಂಡಿನ ಮರ್ಸಿ ಬಂದರು ಮಂಡಲಿಯು ಭಾರ ಎತ್ತುವ ಕ್ರೇನನ್ನು ಚಾಲಕನ ಸಮೇತ ಬಾಡಿಗೆಗೆ ಕೊಟ್ಟಿತ್ತು. ಚಾಲಕನು ಬಾಡಿಗೆದಾರರ ಆಳೆಂದು ಕರಾರಿನಲ್ಲಿ ಬರೆದಿದ್ದರೂ, 1946ರಲ್ಲಿ ಲಾರ್ಡ್ಸ್ ಸಭೆಯು ಹೊಣೆಯನ್ನು ಮಂಡಲಿಯ ಮೇಲೆಯೇ ಹೊರಿಸಿತು. ಯಂತ್ರವನ್ನು ನಡೆಸುವ ರೀತಿಯ ಮೇಲೆ ಹತೋಟಿ ಯಾರದೆಂಬುದೇ ಅಲ್ಲಿನ ಒರೆಗಲ್ಲು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ತೀರ್ಪುಗಳಿವೆ. ಟ್ರೇಲರ್ ಸಹಿತವಾದ ಟ್ರಾಕ್ಟರು ಸರಕು ಸಾಗಣೆಯ ವಾಹನವೆಂದು ಕರ್ನಾಟಕ ರಾಜ್ಯವೇ ಪಕ್ಷವಾಗಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ನಿರ್ಣಯಿಸಿತು. 2007ರ ಬ್ರಿಜ್ ಮೋಹನ್ ಮೊಕದ್ದಮೆಯಲ್ಲಿ ಇಟ್ಟಿಗೆ ಗೂಡಿಗೆ ಮಣ್ಣು ಒಯ್ಯುತ್ತಿದ್ದ ಟ್ರಾಲಿಯಿಂದ ಬಿದ್ದು ಕೂಲಿಗಾರನೊಬ್ಬನು ಗಾಯಗೊಂಡಿದ್ದನು. ವಿಮೆಯಿದ್ದುದು ಕೃಷಿಗೆ ಮಾತ್ರ. ಆದುದರಿಂದ ವಿಮಾ ಸಂಸ್ಥೆ ಹೊಣೆಯಲ್ಲವೆಂದಾಯಿತು. ಆದರೂ ಬಡ ಕೂಲಿಗಾರನು ಬರಿಗೈಯಲ್ಲಿ ಹೋಗಬಾರದೆಂದು ನ್ಯಾಯಾಲಯವು ತನ್ನ ವಿಶೇಷಾಧಿಕಾರದಿಂದ ಸಂಸ್ಥೆಯು ಮೊದಲು ಹಣ ಕೊಟ್ಟು ಅನಂತರ ಮಾಲೀಕನಿಂದ ವಸೂಲುಮಾಡಿಕೊಳ್ಳುವಂತೆ ಆಜ್ಞಾಪಿಸಿತು. ಉಳುಮೆಯಿಂದ ಮಣ್ಣಿನ ಲೋಡಿಗೆ ತಿರುಗಿದ ನಗರದಂಚಿನ ಟ್ರಾಕ್ಟರಿಗೆ ಇದು ಅತ್ಯಂತ ಗಮನಾರ್ಹವಾದ ಪಾಠ: ಕೆಲಸ ಬದಲಾದೊಡನೆ ವಿಮೆ ತಾನಾಗಿಯೇ ಬದಲಾಗುವುದಿಲ್ಲ.

ದರದ ವಿಷಯದಲ್ಲಿ ಸರ್ಕಾರವು ಸುಮ್ಮನಿಲ್ಲ. 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಸಣ್ಣ ರೈತರಿಗೆ ಕಡಿಮೆ ಬಾಡಿಗೆಗೆ ಯಂತ್ರಗಳನ್ನು ಒದಗಿಸಿದುವು. 2024ರ ಮಾರ್ಚಿಯ ನೀರಿನ ಅಭಾವದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು ಟ್ಯಾಂಕರಿನ ದರವನ್ನು ಗೊತ್ತುಮಾಡಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000, ಐದರಿಂದ ಹತ್ತು ಕಿಲೋಮೀಟರಿಗೆ ಕ್ರಮವಾಗಿ 750, 850, 1,200. ಈ ದರಪಟ್ಟಿಯ ಅಳತೆಗಳು ನೀರಿನ ಪ್ರಮಾಣ ಮತ್ತು ದೂರ ಎಂಬ ಎರಡೇ. ಹೊಣೆಗಾದರೋ ಇಂತಹ ಸುಲಭವಾದ ಅಳತೆಗೋಲಿಲ್ಲ.

ಆಯದಲ್ಲಿ ಧಾನ್ಯದ ಪಾಲು ವರ್ಷದ ಸಂಬಂಧವನ್ನು ಕಟ್ಟುತ್ತಿತ್ತು. ಬಾಡಿಗೆಯಲ್ಲಿ ಹಣವು ಆ ಗಂಟೆಯ ಸಂಬಂಧವನ್ನು ಮಾತ್ರ ಕಟ್ಟುತ್ತದೆ. ಹಿಂದೆ ಬಳಕೆಯೇ ನಿರ್ವಹಿಸುತ್ತಿದ್ದುದನ್ನು ಈಗ ಮಾತಿನಲ್ಲಿಯೇ ಗೊತ್ತುಮಾಡಿಕೊಳ್ಳಬೇಕಾಗಿದೆ. ಅಳತೆ ಯಾವುದು, ಚಾಲಕನು ಯಾರ ಆಳು, ವಿಮೆ ಯಾವ ಕೆಲಸಕ್ಕೆ, ಟ್ರೇಲರಿನ ಮೇಲೆ ಕೂರುವವರು ಯಾರು ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಕಷ್ಟವಲ್ಲ. ಹಾಗೆ ಮಾಡದೆ ಪಡೆದ ಕಡಿಮೆ ದರದ ಉಳಿದ ಭಾಗವನ್ನು, ಚೌಕಾಸಿಯಲ್ಲಿ ಪಾಲ್ಗೊಳ್ಳದ ಆ ಕೂಲಿಗಾರನೇ ತೆರಬೇಕಾದೀತು.